ಧಮನಿ: ಗಾಳಿಯ ಕೊಳವೆಗೆ ನೆತ್ತರು ಬಂದ ಬಗೆ

ಧಮನಿ ಎಂಬ ಪದವನ್ನು ಬಿಡಿಸಿ ನೋಡಿದರೆ ಒಳಗೆ ನೆತ್ತರು ಸಿಗುವುದಿಲ್ಲ, ಗಾಳಿ ಸಿಗುತ್ತದೆ. ಅದರ ಮೂಲ 'ಧಮ್' ಅಥವಾ 'ಧ್ಮಾ' ಎಂಬ ಸಂಸ್ಕೃತ ಧಾತು. ಊದು ಎಂಬುದು ಅದರ ಅರ್ಥ. ಶಂಖ ಊದುವುದಕ್ಕೂ ತಿದಿಯೊತ್ತಿ ಕೆಂಡ ಕೆರಳಿಸುವುದಕ್ಕೂ ಇದೇ ಧಾತು ಬಳಕೆಯಲ್ಲಿತ್ತು. ಋಗ್ವೇದದ ಹತ್ತನೆಯ ಮಂಡಲದ 135ನೆಯ ಸೂಕ್ತ ಯಮನ ಮನೆಯನ್ನು ಬಣ್ಣಿಸುತ್ತ, ಅಲ್ಲಿ ಅವನಿಗಾಗಿ 'ನಾಳೀ'ಯನ್ನು ಊದುತ್ತಾರೆ ಎನ್ನುತ್ತದೆ. ನಾಳೀ ಎಂದರೆ ಜೊಂಡಿನ ಕೊಳವೆ, ಕೊಳಲಿನಂಥ ವಾದ್ಯ. ಅದನ್ನು ಊದುವ ಕೆಲಸಕ್ಕೆ ಅಲ್ಲಿ ಬಂದಿರುವ ಕ್ರಿಯಾಪದ ಧಮ್ ಧಾತುವಿನದೇ. ಇಂದು ನಾವು ರಕ್ತನಾಳ, ನಾಡಿ, ಧಮನಿ ಎನ್ನುವಾಗ ಬಳಸುವ ಪದಗಳ ಬೇರುಗಳು ಹೀಗೆ ಒಂದೇ ಸಾಲಿನಲ್ಲಿ, ಒಂದು ವಾದ್ಯದ ಸುತ್ತ ಕೂಡಿವೆ.

ಇದೇ ಬೇರಿನ ಇನ್ನೊಂದು ಕವಲು ಇರಾನಿನ ಕಡೆ ಬೆಳೆಯಿತು. ಪಾರಸಿಯ 'ದಮ್' ಎಂದರೆ ಉಸಿರು. ಅದು ಅಲ್ಲಿಂದ ಬಂದು ಕನ್ನಡದಲ್ಲಿ ದಮ್ಮು ಆಯಿತು. ದಮ್ಮು ಕಟ್ಟುವುದು, ದಮ್ಮಿನ ಕಾಯಿಲೆ, 'ದಮ್ಮಿದ್ದರೆ ಬಾ' ಎಂಬ ಸವಾಲು ಎಲ್ಲವೂ ಅದರ ಮಕ್ಕಳು. ಸಂಸ್ಕೃತದಿಂದ ಬಂದ ಧಮನಿಯೂ ಪಾರಸಿಯಿಂದ ಬಂದ ದಮ್ಮೂ ದಾಯಾದಿಗಳು. ಕನ್ನಡದ ಮನೆಯಲ್ಲಿ ಅವೆರಡೂ ಒಂದನ್ನೊಂದು ಗುರುತಿಸದೆ ಬಹಳ ಕಾಲದಿಂದ ವಾಸವಾಗಿವೆ.

ಈ ಪದದ ಜಾಡನ್ನು ನಾನು ಬೆಕ್ಕಿನ ಮೈಯಲ್ಲಿ ಹಿಡಿಯಲು ಹೊರಟಿದ್ದೇನೆ. ಕಾರಣವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಪ್ರಾಣಿರಚನೆ ಕಲಿಯುವವರ ಮೇಜಿನ ಮೇಲೆ ಬೆಕ್ಕು ಬಹಳವಾಗಿ ಬಂದಿದೆ. 1881ರಲ್ಲಿ ಸೇಂಟ್ ಜಾರ್ಜ್ ಮೈವರ್ಟ್ ಬೆಕ್ಕಿನ ಮೇಲೆಯೇ ಒಂದು ದೊಡ್ಡ ಗ್ರಂಥ ಬರೆದ. 1901ರಲ್ಲಿ ಜೇಕಬ್ ರೀಗಾರ್ಡ್ ಮತ್ತು ಎಚ್. ಎಸ್. ಜೆನ್ನಿಂಗ್ಸ್ ಬರೆದ 'ಅನಾಟಮಿ ಆಫ್ ದಿ ಕ್ಯಾಟ್' ಅಮೆರಿಕದ ಕಾಲೇಜುಗಳಲ್ಲಿ ದಶಕಗಳ ಕಾಲ ನಡೆಯಿತು. ಛೇದನಕ್ಕೆ ಸಿದ್ಧಮಾಡಿದ ಬೆಕ್ಕಿನಲ್ಲಿ ಧಮನಿಗಳಿಗೆ ಕೆಂಪು ಲೇಟೆಕ್ಸ್, ಸಿರೆಗಳಿಗೆ ನೀಲಿ ಲೇಟೆಕ್ಸ್ ತುಂಬುವುದು ರೂಢಿ. ಧಮನಿಗೆ ಹೊರಗಿನಿಂದ ಏನನ್ನಾದರೂ ತುಂಬಲೇಬೇಕು. ಸತ್ತ ಪ್ರಾಣಿಯಲ್ಲಿ ಅದು ಬಹುಮಟ್ಟಿಗೆ ಬರಿದಾಗಿರುತ್ತದೆ. ಗೋಡೆ ದಪ್ಪ, ಅದರಲ್ಲಿ ಸ್ನಾಯುವಿದೆ. ಹೃದಯ ನಿಂತ ಮೇಲೂ ಅದು ಬಿಗಿದುಕೊಂಡು ಒಳಗಿದ್ದ ರಕ್ತವನ್ನು ತೆಳುಗೋಡೆಯ ಸಿರೆಗಳ ಕಡೆಗೆ ದೂಡಿಬಿಡುತ್ತದೆ.

ಈ ಬರಿದುತನವೇ ಶತಮಾನಗಳ ಕಾಲ ವೈದ್ಯರ ದಾರಿ ತಪ್ಪಿಸಿತು. ಗ್ರೀಕರ 'ಆರ್ಟೀರಿಯಾ' ಮೊದಲು ಗಂಟಲಿನ ಉಸಿರುಕೊಳವೆಯ ಹೆಸರಾಗಿತ್ತು. ಕೋಸ್ ದ್ವೀಪದ ಪ್ರಾಕ್ಸಗೋರಸ್ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಧಮನಿ ಬೇರೆ, ಸಿರೆ ಬೇರೆ ಎಂದು ವಿಂಗಡಿಸಿದ. ಸಿರೆಯಲ್ಲಿ ರಕ್ತವಿದೆ, ಧಮನಿಯಲ್ಲಿ ಪ್ರಾಣವಾಯು ಇದೆ ಎಂದ. ಆ ವಾಯುವಿಗೆ ಅವರು 'ನ್ಯೂಮ' ಎನ್ನುತ್ತಿದ್ದರು. ಮುಂದಿನ ಶತಮಾನದ ಎರಾಸಿಸ್ಟ್ರಾಟಸ್ ಅದನ್ನೇ ಹಿಡಿದ. ಹಾಗಾದರೆ ಬದುಕಿರುವ ಪ್ರಾಣಿಯ ಧಮನಿ ಕೊಯ್ದಾಗ ನೆತ್ತರು ಚಿಮ್ಮುತ್ತದಲ್ಲ? ಅದಕ್ಕೂ ಅವನ ಬಳಿ ಉತ್ತರವಿತ್ತು: ಮೊದಲು ನ್ಯೂಮ ತಪ್ಪಿಸಿಕೊಳ್ಳುತ್ತದೆ, ಖಾಲಿಯಾದ ಜಾಗಕ್ಕೆ ಸಿರೆಯ ರಕ್ತ ನುಗ್ಗಿಬರುತ್ತದೆ. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಗೇಲನ್ ಜೀವಂತ ಪ್ರಾಣಿಯ ಧಮನಿಯನ್ನು ಎರಡು ಕಡೆ ದಾರದಿಂದ ಬಿಗಿದು, ನಡುವೆ ಸೀಳಿ, ಒಳಗಿರುವುದು ರಕ್ತವೇ ಎಂದು ತೋರಿಸಿದ. ಹೆಸರು ಮಾತ್ರ ಬದಲಾಗಲಿಲ್ಲ. ಗಾಳಿಯ ಕೊಳವೆ ಎಂಬ ಹೆಸರಿನಲ್ಲೇ ಅದು ರಕ್ತ ಹೊರುತ್ತ ಇಂಗ್ಲಿಷಿನವರೆಗೂ ಬಂತು.

ನಮ್ಮ ಕಡೆಯ ಕಥೆ ಇದಕ್ಕೆ ಹತ್ತಿರವಿದ್ದೂ ಬೇರೆ. ಇಲ್ಲಿ ನೆತ್ತರು ಬೇಗ ಬಂತು. ಅಥರ್ವವೇದದ ಮೊದಲ ಕಾಂಡದಲ್ಲಿ ರಕ್ತಸ್ರಾವ ನಿಲ್ಲಿಸಲು ಹೇಳುವ ಮಂತ್ರವೊಂದಿದೆ; ಅಲ್ಲಿ 'ಹಿರಾ' ಮತ್ತು 'ಧಮನೀ' ಎರಡನ್ನೂ ನಿಲ್ಲಿರೆಂದು ಕೇಳಿಕೊಳ್ಳುತ್ತಾರೆ. ಹಿರಾ ಎಂಬುದು ಮುಂದಿನ ಸಿರೆಯ ಹಳೆಯ ರೂಪ. ಚರಕಸಂಹಿತೆಯ ಸೂತ್ರಸ್ಥಾನ ಮೂರು ಹೆಸರುಗಳಿಗೆ ಮೂರು ಚಲನೆಗಳ ಕಾರಣ ಕೊಡುತ್ತದೆ: ಊದಿದಂತೆ ಮಿಡಿಯುವುದರಿಂದ ಧಮನಿ, ಒಸರುವುದರಿಂದ ಸ್ರೋತಸ್ಸು, ಸರಿಯುವುದರಿಂದ ಸಿರೆ. ಇದನ್ನು ಓದಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಇಲ್ಲಿ ಹೆಸರಿಟ್ಟವನು ಒಳಗೆ ಏನಿದೆ ಎಂದು ಊಹಿಸಲು ಹೋಗಿಲ್ಲ. ಬೆರಳಿಗೆ ಏನು ತಿಳಿಯಿತೋ ಅದನ್ನು ಹೇಳಿದ್ದಾನೆ. ಬೆಕ್ಕಿನ ಹಿಂದೊಡೆಯ ಒಳಮೈ ಮೇಲೆ ಎರಡು ಬೆರಳನ್ನು ಹಗುರವಾಗಿ ಇಟ್ಟು ನೋಡಿ. ತೊಡೆಯ ಧಮನಿ ಊದಿ ಇಳಿಯುವುದು, ಮತ್ತೆ ಊದಿ ಇಳಿಯುವುದು ಗೊತ್ತಾಗುತ್ತದೆ. ಪಶುವೈದ್ಯರು ಬೆಕ್ಕಿನ ನಾಡಿ ನೋಡುವುದು ಅಲ್ಲಿಯೇ. ಪಕ್ಕದಲ್ಲೇ ಹರಿಯುವ ಸಿರೆ ಮಿಡಿಯುವುದಿಲ್ಲ, ಸುಮ್ಮನೆ ಸರಿಯುತ್ತದೆ.

ಸುಶ್ರುತಸಂಹಿತೆಯ ಶಾರೀರಸ್ಥಾನ ಲೆಕ್ಕ ಹಾಕುತ್ತದೆ: 700 ಸಿರೆಗಳು, 24 ಧಮನಿಗಳು. ಸಿರೆಗಳಿಗೆ ಬಣ್ಣದ ಹೆಸರುಗಳೂ ಇವೆ. ಅರುಣಾ, ನೀಲಾ, ಗೌರೀ, ರೋಹಿಣೀ. ಧಮನಿಗಳಲ್ಲಿ ಹತ್ತು ಮೇಲಕ್ಕೆ, ಹತ್ತು ಕೆಳಕ್ಕೆ, ನಾಲ್ಕು ಅಡ್ಡಕ್ಕೆ. ಮೇಲಕ್ಕೆ ಹೋಗುವವು ಶಬ್ದ, ಸ್ಪರ್ಶ, ಉಸಿರು, ಆಕಳಿಕೆ, ಸೀನು, ನಗೆ, ಮಾತು, ಅಳು ಇವನ್ನೆಲ್ಲ ಹೊರುತ್ತವಂತೆ. ನೆತ್ತರು ಬಂದ ಮೇಲೂ ಪದದೊಳಗಿನ ಗಾಳಿ ಪೂರ್ತಿ ಹೊರಟುಹೋಗಲಿಲ್ಲ ಎನ್ನುವುದಕ್ಕೆ ಇದೇ ಸಾಕ್ಷಿ. ಇನ್ನೊಂದು ಕುತೂಹಲ: ಸುಶ್ರುತದಲ್ಲಿ ಗಂಟಲಿನ ಉಸಿರುಕೊಳವೆಯ ಹೆಸರು 'ಕಂಠನಾಡೀ'. ಅದರ ಎರಡೂ ಬದಿಗೆ ಇರುವ 'ನೀಲಾ', 'ಮನ್ಯಾ' ಎಂಬ ನಾಲ್ಕು ಧಮನಿಗಳು ಮರ್ಮಸ್ಥಾನಗಳು. ಗ್ರೀಕರು ಉಸಿರುಕೊಳವೆಯ ಹೆಸರನ್ನು ರಕ್ತದ ಕೊಳವೆಗೆ ಕೊಟ್ಟರು. ನಮ್ಮಲ್ಲಿ ನಾಡಿ ಉಸಿರುಕೊಳವೆಯೂ ಆಯಿತು, ಮುಂದೆ ಕೈಯ ಮಿಡಿತವೂ ಆಯಿತು. ಶಾರ್ಙ್ಗಧರಸಂಹಿತೆ ನಾಡೀಪರೀಕ್ಷೆಯನ್ನು ಹೇಳುವಾಗ ಹೆಬ್ಬೆರಳ ಬುಡದ ಧಮನಿಯನ್ನು ಜೀವಸಾಕ್ಷಿ ಎಂದು ಕರೆದು, ಅದರ ನಡೆಯನ್ನು ಹಾವು, ಕಪ್ಪೆ, ಹಂಸಗಳ ನಡಿಗೆಗೆ ಹೋಲಿಸುತ್ತದೆ.

ಸಿರೆ, ಧಮನಿ ಎರಡೂ ಹೊಕ್ಕುಳಿನಿಂದ ಹೊರಡುತ್ತವೆ ಎಂದೂ ಸುಶ್ರುತ ಹೇಳುತ್ತದೆ. ಬೆಳೆದ ದೇಹಕ್ಕೆ ಇದು ಸಲ್ಲದ ಮಾತು. ಆದರೆ ಬಸಿರಿನೊಳಗಿನ ಮರಿಯನ್ನು ನೋಡಿದರೆ ಆ ಮಾತು ಎಲ್ಲಿಂದ ಬಂದಿರಬಹುದೆಂದು ಹೊಳೆಯುತ್ತದೆ. ಒಂಬತ್ತು ವಾರ ತಾಯಿಬೆಕ್ಕಿನ ಹೊಟ್ಟೆಯಲ್ಲಿರುವ ಮರಿಗೆ ಅನ್ನ, ಗಾಳಿ ಎರಡೂ ಬರುವುದು ಹೊಕ್ಕುಳಬಳ್ಳಿಯಿಂದಲೇ. ಅಲ್ಲಿ ಸಿರೆ ಆಮ್ಲಜನಕ ತುಂಬಿದ ರಕ್ತವನ್ನು ಒಳಗೆ ತರುತ್ತದೆ, ಧಮನಿಗಳು ಬಳಸಿದ ರಕ್ತವನ್ನು ಹೊರಗೆ ಒಯ್ಯುತ್ತವೆ. ಹುಟ್ಟಿದ ಕೂಡಲೇ ತಾಯಿ ಬಳ್ಳಿಯನ್ನು ಕಚ್ಚಿ ತುಂಡರಿಸುತ್ತದೆ. ಮರಿ ಮೊದಲ ಉಸಿರೆಳೆಯುತ್ತದೆ, ಶ್ವಾಸಕೋಶ ತೆರೆಯುತ್ತದೆ, ಅದುವರೆಗೆ ಶ್ವಾಸಕೋಶವನ್ನು ತಪ್ಪಿಸಿ ರಕ್ತ ಹರಿಯುತ್ತಿದ್ದ ಅಡ್ಡದಾರಿ ಮುಚ್ಚತೊಡಗುತ್ತದೆ. ಉಸಿರಿಗೂ ಧಮನಿಗೂ ಇರುವ ನಂಟು ಅಷ್ಟು ಸ್ಪಷ್ಟವಾಗಿ ಕಾಣುವ ಗಳಿಗೆ ಇನ್ನೊಂದಿಲ್ಲ.

ಬೆಳೆದ ಬೆಕ್ಕಿನ ಮೈಯೊಳಗೆ ಒಮ್ಮೆ ಸುತ್ತಿಬರೋಣ. 4 ಕೆ.ಜಿ. ತೂಗುವ ಬೆಕ್ಕಿನಲ್ಲಿ ಇರುವ ರಕ್ತ ಸುಮಾರು 240 ಮಿಲಿಲೀಟರ್, ಒಂದು ದೊಡ್ಡ ಲೋಟದಷ್ಟು. ಹೃದಯದ ತೂಕ ಹೆಚ್ಚೆಂದರೆ 20 ಗ್ರಾಂ ಆಸುಪಾಸು. ಆಸ್ಪತ್ರೆಯ ಮೇಜಿನ ಮೇಲೆ ಅದು ನಿಮಿಷಕ್ಕೆ 140ರಿಂದ 220 ಸಲ ಬಡಿಯುತ್ತದೆ. ಮನೆಯಲ್ಲಿ ಮಲಗಿದಾಗ ಇನ್ನೂ ನಿಧಾನ. ಎಡ ಹೃತ್ಕುಕ್ಷಿಯಿಂದ ಹೊರಟ ಮಹಾಧಮನಿ ಬಾಗುವ ಜಾಗದಲ್ಲಿ ಮನುಷ್ಯನಿಗೆ ಮೂರು ಕವಲುಗಳಿದ್ದರೆ ಬೆಕ್ಕಿಗೆ ಎರಡೇ. ಮೊದಲನೆಯದು ದೊಡ್ಡದು, ತಲೆಯ ಕಡೆ ಹೋಗುವ ಎರಡು ಧಮನಿಗಳೂ ಬಲ ಮುಂಗಾಲಿನದೂ ಅದರಿಂದಲೇ ಒಡೆಯುತ್ತವೆ. ಎರಡನೆಯದು ಎಡ ಮುಂಗಾಲಿಗೆ. ಮರಳಿ ಬರುವ ರಕ್ತಕ್ಕೆ ಮುಂದಿನಿಂದ ಒಂದು, ಹಿಂದಿನಿಂದ ಒಂದು ಮಹಾಸಿರೆ. ಇವಕ್ಕೆ ನಮ್ಮ ಪುಸ್ತಕಗಳು ಊರ್ಧ್ವ, ಅಧೋ ಎಂದು ವಿಶೇಷಣ ಹಚ್ಚುತ್ತವೆ. ನೆಟ್ಟಗೆ ನಿಲ್ಲುವ ಮನುಷ್ಯನಿಗೆ ಅದು ಸರಿ. ನಾಲ್ಕು ಕಾಲಿನ ಬೆಕ್ಕಿಗೆ ಮೇಲು ಕೆಳಗು ಎಂಬುದು ಮುಂದು ಹಿಂದು ಆಗಿಬಿಡುತ್ತದೆ. ಹಳೆಯ ಜೈನಕವಿಗಳು ಪ್ರಾಣಿಗಳನ್ನು 'ತಿರ್ಯಕ್' ಎಂದರು, ಅಡ್ಡಲಾಗಿ ನಡೆಯುವವು ಎಂದು. ಆ ಪದ ಬಳಸಿದವರಿಗೆ ಈ ವ್ಯತ್ಯಾಸ ತಿಳಿದಿತ್ತು. ಬೆಕ್ಕಿನ ವಿಷಯ ಬರೆಯುವಾಗ ಮುಂಮಹಾಸಿರೆ, ಹಿಂಮಹಾಸಿರೆ ಎನ್ನುವುದೇ ಮೇಲು.

ಬೆಕ್ಕಿನ ತಲೆಗೆ ರಕ್ತ ಹೋಗುವ ದಾರಿ ಇನ್ನೂ ವಿಚಿತ್ರ. ಮನುಷ್ಯನಲ್ಲಿ ಕುತ್ತಿಗೆಯ ಒಳಧಮನಿ ನೇರವಾಗಿ ತಲೆಬುರುಡೆಯೊಳಕ್ಕೆ ಹೋಗುತ್ತದೆ. ಬೆಳೆದ ಬೆಕ್ಕಿನಲ್ಲಿ ಆ ಧಮನಿಯ ಬುರುಡೆಯ ಹೊರಗಿನ ಭಾಗ ಮುಚ್ಚಿಹೋಗಿರುತ್ತದೆ. ಅದರ ಕೆಲಸವನ್ನು ದವಡೆಯ ಕಡೆ ಹೋಗುವ ಧಮನಿ ವಹಿಸಿಕೊಂಡಿದೆ. ಅದು ಕಣ್ಣಗುಳಿಯ ಹಿಂದೆ ಒಡೆದು ಸಣ್ಣ ಸಣ್ಣ ಧಮನಿಗಳ ಬಲೆಯಾಗಿ, ಆ ಬಲೆಯ ಎಳೆಗಳು ಬುರುಡೆಯ ರಂಧ್ರಗಳಲ್ಲಿ ತೂರಿ ಮಿದುಳನ್ನು ಮುಟ್ಟುತ್ತವೆ. ಅಂಗರಚನೆಯವರು ಇದನ್ನು ಲ್ಯಾಟಿನ್ನಿನಲ್ಲಿ 'ರೀಟಿ ಮಿರಾಬಿಲಿ' ಎಂದರು, ಅದ್ಭುತ ಜಾಲ. ಗೇಲನ್ ಎತ್ತು, ಕುರಿಗಳಂಥ ಪ್ರಾಣಿಗಳಲ್ಲಿ ಇಂಥ ಜಾಲವನ್ನು ಕಂಡು, ಧಮನಿಯ ನ್ಯೂಮ ಇಲ್ಲಿ ಸೋಸಿ ಮನಸ್ಸಿನ ನ್ಯೂಮವಾಗುತ್ತದೆ ಎಂದು ನಂಬಿದ. ಮನುಷ್ಯನಲ್ಲೂ ಅದು ಇದೆ ಎಂದುಕೊಂಡ. 1543ರಲ್ಲಿ ವೆಸಾಲಿಯಸ್ ಮನುಷ್ಯರಲ್ಲಿ ಅಂಥದ್ದೇನೂ ಇಲ್ಲವೆಂದು ಬರೆಯುವವರೆಗೆ ಆ ನಂಬಿಕೆಯದೇ ಆಳ್ವಿಕೆ. ಗೇಲನ್‌ನ ಬಲೆ ಮನುಷ್ಯನ ತಲೆಯಿಂದ ಮಾಯವಾಯಿತು, ಬೆಕ್ಕಿನ ತಲೆಯಲ್ಲಿ ಇಂದಿಗೂ ಇದೆ. ಇದು ಬರೀ ಪುಸ್ತಕದ ವಿಷಯವಾಗಿ ಉಳಿದಿಲ್ಲ. ಹಲ್ಲಿನ ಚಿಕಿತ್ಸೆಗೆಂದು ಅರಿವಳಿಕೆ ಕೊಟ್ಟ ಬೆಕ್ಕಿನ ಬಾಯನ್ನು ಸ್ಪ್ರಿಂಗ್ ಉಪಕರಣದಿಂದ ಬಹಳ ಹೊತ್ತು ಪೂರ್ತಿ ಅಗಲಿಸಿಟ್ಟರೆ ಆ ದವಡೆಧಮನಿ ಒತ್ತಿಹೋಗಿ, ಎಚ್ಚರವಾದಾಗ ಕೆಲವು ಬೆಕ್ಕುಗಳು ಕುರುಡಾಗಿರುವುದು ದಾಖಲಾಗಿದೆ. ಅದರಿಂದಲೇ ಇಂದು ಪಶುವೈದ್ಯರು ಅಂಥ ಉಪಕರಣಗಳನ್ನು ದೂರವಿಟ್ಟಿದ್ದಾರೆ.

1628ರಲ್ಲಿ ವಿಲಿಯಂ ಹಾರ್ವಿ ರಕ್ತ ಸುತ್ತಿಬರುತ್ತದೆ ಎಂದು ಸಾಧಿಸಿದ. ಧಮನಿಯಿಂದ ಸಿರೆಗೆ ದಾಟುವ ಸೂಕ್ಷ್ಮದಾರಿಗಳನ್ನು 1661ರಲ್ಲಿ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶದಲ್ಲಿ ಕಂಡ. ಅಲ್ಲಿಗೆ ಧಮನಿಗೆ ಹೊಸ ಅರ್ಥ ಖಚಿತವಾಯಿತು: ಹೃದಯದಿಂದ ಹೊರಗೆ ಒಯ್ಯುವುದು ಧಮನಿ, ಹೃದಯಕ್ಕೆ ಮರಳಿ ತರುವುದು ಸಿರೆ. ಒಳಗಿನ ರಕ್ತದ ಬಣ್ಣ ಯಾವುದಾದರೂ ಇರಲಿ, ದಿಕ್ಕೇ ಲಕ್ಷಣ.

ಈ ಹೊಸ ಅರ್ಥವನ್ನು ಕನ್ನಡ ಹೇಗೆ ಬರಮಾಡಿಕೊಂಡಿತು? ಹಿಂದಿ, ತೆಲುಗು, ಮಲಯಾಳ, ತಮಿಳು ನಾಲ್ಕೂ ಧಮನಿ, ಸಿರೆ ಎಂಬ ಜೋಡಿಯನ್ನು ತಮ್ಮ ತಮ್ಮ ಉಚ್ಚಾರದಲ್ಲಿ ಉಳಿಸಿಕೊಂಡವು. ಮರಾಠಿ ಸುಶ್ರುತದ ಬಣ್ಣದ ಹೆಸರುಗಳಿಂದ ರೋಹಿಣಿ, ನೀಲಾ ಎಂಬ ಚೆಂದದ ಜೋಡಿಯನ್ನು ಆರಿಸಿಕೊಂಡಿತು. ಕನ್ನಡದ ಶಾಲಾಪುಸ್ತಕಗಳು ಮಾತ್ರ ಅಪಧಮನಿ, ಅಭಿಧಮನಿ ಎಂದು ಹೊಸದಾಗಿ ಕಟ್ಟಿದವು. ಕಟ್ಟಿದವರ ತರ್ಕ ಗಟ್ಟಿಯೇ. 'ಅಪ' ಎಂದರೆ ಆಚೆಗೆ, 'ಅಭಿ' ಎಂದರೆ ಈಚೆಗೆ, ಕಡೆಗೆ. ಹೃದಯದಿಂದ ಆಚೆಗೆ, ಹೃದಯದ ಕಡೆಗೆ. ಹಾರ್ವಿಯ ಅರ್ಥ ಅಚ್ಚುಕಟ್ಟಾಗಿ ಕೂತಿದೆ.

ಆದರೆ ಕನ್ನಡದ ಕಿವಿಯಲ್ಲಿ 'ಅಪ' ಆಚೆಗೆ ಎಂದು ಕೇಳಿಸುವುದೇ ಇಲ್ಲ. ಅಪಘಾತ, ಅಪಕೀರ್ತಿ, ಅಪಶಕುನ, ಅಪಚಾರ ಹೀಗೆ ನಮಗೆ ಗೊತ್ತಿರುವ ಅಪಗಳೆಲ್ಲ ಕೆಟ್ಟವು. ಅಭಿಮಾನ, ಅಭಿನಂದನೆ, ಅಭಿವೃದ್ಧಿ ಹೀಗೆ ಅಭಿಗಳೆಲ್ಲ ಒಳ್ಳೆಯವು. ಹಾಗಾಗಿ ಹತ್ತನೆಯ ತರಗತಿಯ ಮಕ್ಕಳು ಅಪಧಮನಿಯಲ್ಲಿ ಕೆಟ್ಟ ರಕ್ತ, ಅಭಿಧಮನಿಯಲ್ಲಿ ಒಳ್ಳೆಯ ರಕ್ತ ಎಂದು ತಿರುಗುಮುರುಗು ಮಾಡಿಕೊಂಡರೆ ತಪ್ಪು ಮಕ್ಕಳದಲ್ಲ. ಎರಡು ಪದಗಳ ನಡುವೆ ವ್ಯತ್ಯಾಸವಿರುವುದು ಒಂದೇ ಅಕ್ಷರದಲ್ಲಿ. ತರಗತಿಯ ಕೊನೆಯ ಬೆಂಚಿಗೆ ಅದು ಮುಟ್ಟುವುದೂ ಕಷ್ಟ. ಶುದ್ಧರಕ್ತನಾಳ, ಮಲಿನರಕ್ತನಾಳ ಎಂಬ ಇನ್ನೊಂದು ಜೋಡಿಯಂತೂ ಶ್ವಾಸಕೋಶದ ಬಾಗಿಲಲ್ಲೇ ಸೋಲುತ್ತದೆ, ಬೆಕ್ಕಿನ ಮರಿಯ ಹೊಕ್ಕುಳಬಳ್ಳಿಯಲ್ಲೂ ಸೋಲುತ್ತದೆ. ಅವೆರಡೂ ಕಡೆ ಧಮನಿಯಲ್ಲಿರುವುದು ಆಮ್ಲಜನಕ ಕಡಿಮೆಯಿರುವ ರಕ್ತ. ಕೆಲವು ವೈದ್ಯಲೇಖಕರು ಧಮನಿ, ಸಿರೆ ಎಂದೇ ಬರೆಯುತ್ತ ಬಂದಿದ್ದಾರೆ. ಅವರೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಇಷ್ಟೆಲ್ಲ ಪುಸ್ತಕದ ಪದಗಳ ಮಾತಾಯಿತು. ಮನೆಯಲ್ಲಿ, ಆಸ್ಪತ್ರೆಯಲ್ಲಿ ಕನ್ನಡಿಗರು ನಿಜವಾಗಿ ಬಳಸುವ ಪದ ಬೇರೆಯೇ ಇದೆ: ನರ. ಡ್ರಿಪ್ ಹಾಕಲು ನರ ಸಿಗುತ್ತಿಲ್ಲ ಎನ್ನುವಾಗ ಅದು ಸಿರೆ. ಕತ್ತಿನ ನರ ಪಟಪಟ ಹೊಡೆದುಕೊಳ್ಳುತ್ತಿದೆ ಎನ್ನುವಾಗ ಧಮನಿ. ನರದ ಡಾಕ್ಟರು ಎನ್ನುವಾಗ ಮಿದುಳಿನಿಂದ ಬರುವ ತಂತು. ಸೊಂಟದ ನರ ಹಿಡಿದುಕೊಂಡಿದೆ ಎನ್ನುವಾಗ ಸ್ನಾಯುವೂ ಆಗಬಹುದು. ಇದು ಅಪ್ಪಟ ದ್ರಾವಿಡ ಪದ. ತಮಿಳಿನ ನರಂಬು, ಮಲಯಾಳದ ಞರಂಬು, ತೆಲುಗಿನ ನರಮು ಇದರ ಒಡಹುಟ್ಟುಗಳು. ಹಳೆಯ ತಮಿಳಿನಲ್ಲಿ ನರಂಬು ಯಾಳ್ ವಾದ್ಯದ ತಂತಿಯೂ ಹೌದು. ನಾಳಿ ಊದುವ ವಾದ್ಯದ ಕೊಳವೆ, ನರ ಮೀಟುವ ವಾದ್ಯದ ತಂತಿ. ಒಂದು ಟೊಳ್ಳು, ಇನ್ನೊಂದು ಗಟ್ಟಿ. ಮೈಯೊಳಗೆ ಉದ್ದಕ್ಕೆ ಹರಿಯುವ ಎಲ್ಲಕ್ಕೂ ಒಂದೇ ಹೆಸರಿಡುವುದು ನಮ್ಮೊಬ್ಬರ ಪದ್ಧತಿಯೂ ಅಲ್ಲ. ಬೆಕ್ಕನ್ನು ದೈವವಾಗಿ ಕಂಡ ಈಜಿಪ್ಟಿನವರ ಸುಮಾರು 3,500 ವರ್ಷ ಹಳೆಯ ಎಬರ್ಸ್ ವೈದ್ಯಸುರುಳಿಯಲ್ಲಿ ರಕ್ತನಾಳ, ಸ್ನಾಯುರಜ್ಜು, ಮೂತ್ರದ ದಾರಿ ಎಲ್ಲಕ್ಕೂ 'ಮೆಟು' ಎಂಬ ಒಂದೇ ಪದವಿದೆ.

ನರ ಎಂಬ ಪದ ನನಗೆ ಪ್ರಿಯ. ಆದರೆ ಬೆಕ್ಕಿನ ವಿಷಯದಲ್ಲಿ ಅದು ಒಂದು ಕಡೆ ಪ್ರಾಣಕ್ಕೇ ಕುತ್ತಾಗುತ್ತದೆ. ಬೆಕ್ಕುಗಳಲ್ಲಿ ಅತಿ ಸಾಮಾನ್ಯವಾದ ಹೃದ್ರೋಗವೆಂದರೆ ಹೃದಯದ ಸ್ನಾಯು ದಪ್ಪಗಾಗುವುದು. ಮನುಷ್ಯರ ಹಾಗೆ ಕೊಬ್ಬು ಕಟ್ಟಿ ಧಮನಿ ಮುಚ್ಚುವುದು ಬೆಕ್ಕಿನಲ್ಲಿ ಅಪರೂಪ. ಗೋಡೆ ದಪ್ಪವಾದಂತೆ ಎಡ ಹೃತ್ಕರ್ಣ ಹಿಗ್ಗುತ್ತದೆ, ಅಲ್ಲಿ ರಕ್ತ ನಿಧಾನವಾಗಿ ಗರಣೆಗಟ್ಟುತ್ತದೆ. ಆ ಗರಣೆ ಒಂದು ದಿನ ಕಿತ್ತುಕೊಂಡು ಮಹಾಧಮನಿಯಲ್ಲಿ ಸಾಗಿ, ಹಿಂಗಾಲುಗಳಿಗೆ ಧಮನಿ ಕವಲೊಡೆಯುವ ಕಡೆ ಕುದುರೆಯ ಜೀನಿನಂತೆ ಎರಡೂ ಕಡೆಗೆ ಕಾಲು ಚಾಚಿ ಕೂರುತ್ತದೆ. ಚೆನ್ನಾಗಿ ಓಡಾಡಿಕೊಂಡಿದ್ದ ಬೆಕ್ಕು ಇದ್ದಕ್ಕಿದ್ದಂತೆ ಕಿರುಚಿ ಹಿಂಭಾಗವನ್ನು ಎಳೆಯತೊಡಗುತ್ತದೆ. ಮನೆಯವರು ಸೊಂಟದ ನರ ಹೋಯಿತು, ಎಲ್ಲಿಂದಲೋ ಬಿದ್ದಿರಬೇಕು ಎಂದುಕೊಳ್ಳುತ್ತಾರೆ. ಎಣ್ಣೆ ಹಚ್ಚಿ ನೀವುತ್ತಾರೆ, ನಾಳೆ ನೋಡೋಣ ಎನ್ನುತ್ತಾರೆ. ಕೆಟ್ಟಿರುವುದು ಮಿದುಳಿನ ತಂತುವಲ್ಲ, ಮುಚ್ಚಿರುವುದು ಧಮನಿ. ಈ ನೋವು ಘೋರವಾದದ್ದು, ಕಾಯುವ ಒಂದೊಂದು ಗಂಟೆಯೂ ಆ ಜೀವಕ್ಕೆ ಭಾರ. ಹಲವು ಬೆಕ್ಕುಗಳು ಉಳಿಯುವುದಿಲ್ಲ. ಬೇಗ ಹೋದರೆ ನೋವಾದರೂ ಇಳಿಯುತ್ತದೆ, ಕೆಲವು ಚೇತರಿಸಿಕೊಳ್ಳುತ್ತವೆ.

ಹೆಚ್ಚಿನ ಸಲ ಇದಕ್ಕೆ ಮುನ್ಸೂಚನೆ ಸಿಗುವುದಿಲ್ಲ. ಸಿಕ್ಕರೆ ಅದು ಉಸಿರಿನಲ್ಲಿ ಸಿಗುತ್ತದೆ. ಹೃದಯ ಸೋಲತೊಡಗಿದ ಬೆಕ್ಕಿನ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಅದು ಬಾಯಿ ತೆರೆದು ಏದುತ್ತದೆ. ಧಮನಿಯ ಕಾಯಿಲೆ ದಮ್ಮಾಗಿ ಕಾಣಿಸಿಕೊಳ್ಳುತ್ತದೆ; ಸಾವಿರಾರು ವರ್ಷದ ಹಿಂದೆ ಅಗಲಿದ ಎರಡು ಪದಗಳು ಇಲ್ಲಿ ಒಂದೇ ದೇಹದಲ್ಲಿ ಸೇರುತ್ತವೆ. ನಿದ್ದೆಯಲ್ಲಿರುವ ಬೆಕ್ಕಿನ ಪಕ್ಕೆ ಏರಿಳಿಯುವುದನ್ನು ಎಣಿಸಿ. ನಿಮಿಷಕ್ಕೆ 30ಕ್ಕಿಂತ ಹೆಚ್ಚು ಉಸಿರು ಮತ್ತೆ ಮತ್ತೆ ಕಂಡರೆ ವೈದ್ಯರಿಗೆ ತೋರಿಸಬೇಕು.

ಪಠ್ಯಪುಸ್ತಕ ಬರೆಯುವವರಲ್ಲಿ ನನ್ನ ಕೋರಿಕೆ ಇಷ್ಟೇ: ಅಪ, ಅಭಿ ಎರಡನ್ನೂ ಬಿಟ್ಟು ಧಮನಿ, ಸಿರೆ ಎಂದು ಬರೆಯಿರಿ, ಊದಿ ಮಿಡಿಯುವುದು ಧಮನಿ, ಸರಿಯುವುದು ಸಿರೆ ಎಂದು ಹೇಳಿಕೊಡಿ. ಬೆಕ್ಕು ಸಾಕಿದವರಲ್ಲಿ ಇನ್ನೊಂದು: ನಿಮ್ಮ ಬೆಕ್ಕಿನ ಹಿಂಗಾಲು ಏಕಾಏಕಿ ಸೋತರೆ ಪಾದ ಮುಟ್ಟಿ ನೋಡಿ, ಅಂಗಾಲಿನ ಮೆತ್ತೆಯ ಬಣ್ಣ ನೋಡಿ, ತೊಡೆಯ ಒಳಗೆ ಬೆರಳಿಡಿ. ಪಾದ ತಣ್ಣಗಿದ್ದು, ಮೆತ್ತೆ ಬಿಳಿಚಿ ಅಥವಾ ನೀಲಿಗಟ್ಟಿ, ಮಿಡಿತ ಸಿಗದಿದ್ದರೆ ನೀವಬೇಡಿ. ಮನುಷ್ಯರ ನೋವಿನ ಮಾತ್ರೆಯನ್ನಂತೂ ಕೊಡಲೇಬೇಡಿ, ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಆ ಕ್ಷಣವೇ ಪಶುವೈದ್ಯರ ಬಳಿಗೆ ಹೊರಡಿ, ಹೋದ ಕೂಡಲೇ 'ಧಮನಿ ಮುಚ್ಚಿರಬಹುದು, ತೊಡೆಯಲ್ಲಿ ನಾಡಿ ಸಿಗುತ್ತಿಲ್ಲ' ಎಂದು ಹೇಳಿ.